ಹದಿನೇಳನೇ ಷರಾ

ಕಾಗದ ಬಂದಾಗ ಷರಾ ಸಾಹೇಬರ ಕಣ್ಣಿಗೆ ಮೊದಲು ಬಿದ್ದದ್ದು ಅರ್ಧವಿರಾಮ. ಬಿದ್ದದ್ದು ಎನ್ನುವುದಕ್ಕಿಂತ ಬೀಳದೇ ಹೋದದ್ದು ಎನ್ನಬೇಕು. ‘ಕೋರಿರುವ ಸೌಲಭ್ಯವು ಇದ್ದಲ್ಲಿ ಅನುಕೂಲ, ಇರದಿದ್ದಲ್ಲಿ ಅಪಾಯ ಕಂಡುಬರುವುದಿಲ್ಲ’ ಎಂದು ಟೈಪಾಗಿತ್ತು. ಅನುಕೂಲದ ಮುಂದೆ ಬರೀ ಅಲ್ಪವಿರಾಮ. ಅಲ್ಲಿ ಅರ್ಧವಿರಾಮವೇ ಇರಬೇಕು ಎಂದು ಇಪ್ಪತ್ತೆರಡು ವರ್ಷದ ಹಿಂದೆ, ವಾಕ್ಯ ಪಟ್ಟಿಗೆ ಸೇರುವಾಗ, ಅವರು ಮ್ಯಾನೇಜರ ಜೊತೆ ಮೂರು ದಿನ ಗುದ್ದಾಡಿದ್ದರು. ಓದುವವನು ಅನುಕೂಲ ಎಂಬಲ್ಲಿ ಒಂದು ಗಳಿಗೆ ನಿಲ್ಲಬೇಕು, ಕೊಟ್ಟೇಬಿಟ್ಟರು ಎಂದುಕೊಳ್ಳಬೇಕು, ಮೈ ಸಡಿಲ ಬಿಡಬೇಕು. ಆಮೇಲೆ ಉಳಿದರ್ಧ ಬರಬೇಕು. ಅಲ್ಪವಿರಾಮದ ಕೈಯಲ್ಲಿ ಅದೆಲ್ಲ ಎಲ್ಲಾಗುತ್ತದೆ? ಸಾಹೇಬರು ಜೇಬಿನಿಂದ ಕೆಂಪು ಪೆನ್ನು ತೆಗೆದು ತಿದ್ದಿದರು, ಅಂಚಿಗೆ ‘ಗಮನವಿರಲಿ’ ಎಂದೂ ಬರೆದರು. ಅರ್ಜಿದಾರ ಯಾರು ಎಂದು ನೋಡಿದ್ದು ಆಮೇಲೆ. ಅರ್ಜಿದಾರ ಅವರೇ. ಕೋರಿರುವ ಸೌಲಭ್ಯ: ಮಾತಿನ ವಾಲ್ವು, ಒಂದು.

ಒಂದು ಒಳ್ಳೆಯ ಬೈಗುಳ ಬಾಯಿಯ ತನಕ ಬಂತು. ತನಕ ಬಂತು ಅಷ್ಟೆ. ಅಲ್ಲಿಂದಾಚೆ ಹೊರಡಬೇಕಾದರೆ ವಾಲ್ವು ಬೇಕಿತ್ತು.

ಷರಾ ಎಂದರೆ ಗೊತ್ತಲ್ಲ, ಫೈಲಿನ ಅಂಚಿನಲ್ಲಿ ಅಧಿಕಾರಿ ಗೀಚುವ ಒಂದು ಸಾಲು. ನೋಡಲು ಒಂದೇ ಸಾಲು, ಆದರೆ ಒಳಗಿರುವ ಮನುಷ್ಯನ ಹಣೆಬರಹ ಅದೇ. ಸಾಹೇಬರು ಮೂವತ್ತೊಂದು ವರ್ಷ ವಿಮಾ ಕಂಪನಿಯಲ್ಲಿ ಅದನ್ನೇ ಬರೆದುಕೊಂಡು ಬಂದವರು. ಅವರ ವಿಭಾಗಕ್ಕೆ ಬೋರ್ಡಿನ ಮೇಲೆ ಪರಿಶೀಲನಾ ವಿಭಾಗ ಎಂಬ ಹೆಸರಿತ್ತು. ಕ್ಯಾಂಟೀನಿನಲ್ಲಿ ‘ಇಲ್ಲ ವಿಭಾಗ’ ಎನ್ನುತ್ತಿದ್ದರು. ಅಲ್ಲಿ ಇಪ್ಪತ್ನಾಲ್ಕು ಷರಾಗಳ ಒಂದು ಪಟ್ಟಿ ಗೋಡೆಗೆ ಅಂಟಿತ್ತು. ನಾಲ್ಕನೆಯದು ಅರ್ಜಿ ತಡವಾಗಿ ಬಂದಿದೆ ಎಂದು. ಐದನೆಯದು ಅರ್ಜಿ ಅವಸರದಲ್ಲಿ ಬಂದಿದೆ ಎಂದು. ಎರಡರಲ್ಲೂ ಸಿಕ್ಕಿಬೀಳದ ಅರ್ಜಿಗಳಿಗೆ ಹದಿನೇಳನೆಯದು. ಈ ಅನುಕೂಲ, ಅಪಾಯದ ವಾಕ್ಯವೇ ಅದು, ಸಾಹೇಬರ ಸ್ವಂತ ಸೃಷ್ಟಿ. ಕಿವಿಯ ಯಂತ್ರ ಕೇಳಿದವರಿಗೆ ಹದಿನೇಳು, ಹಲ್ಲಿನ ಸೆಟ್ಟು ಕೇಳಿದವರಿಗೆ ಹದಿನೇಳು. ಒಬ್ಬ ಪುಣ್ಯಾತ್ಮ ಕೃತಕ ಕಾಲು ಕೇಳಿದ್ದಕ್ಕೂ, ಇನ್ನೊಂದು ಕಾಲು ಗಟ್ಟಿಯಾಗಿರುವುದರಿಂದ, ಹದಿನೇಳೇ. ‘ಹದಿನೇಳು ಹಾಕಿ ಕಳಿಸು’ ಎಂಬುದು ಆಡುಮಾತಾಗಿಬಿಟ್ಟಿತು. ಕಂಪನಿ ಮೆಚ್ಚಿ ಅವರಿಗೆ ಗಂಟೆ ಹೊಡೆಯುವ ಒಂದು ಗೋಡೆ ಗಡಿಯಾರ ಕೊಟ್ಟಿತು. ಇವತ್ತಿಗೂ ಅದು ಅವರ ಮನೆಯ ನಡುಮನೆಯಲ್ಲಿ ತೂಗಾಡುತ್ತಿದೆ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಉಸಿರಾಡಲು ಕತ್ತಿನ ಬುಡದಲ್ಲಿ ಗುಂಡಗೆ ಒಂದು ತೂತು ಬಿಟ್ಟರು. ಅದರೊಳಗೆ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ, ಅಂಗಿಯ ಗುಂಡಿಗಿಂತ ಚಿಕ್ಕದಾದ ಒಂದು ವಾಲ್ವು ಕೂರಿಸಿದರು. ಕತ್ತಿನ ತೂತನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಆ ವಾಲ್ವಿನ ಮೂಲಕ ಅನ್ನನಾಳಕ್ಕೆ ನುಗ್ಗಿ ಮಾತಾಗುತ್ತದೆ. ಅದು ಹಳೆಯ ಧ್ವನಿಯೇನೂ ಅಲ್ಲ. ಕೇಳಿದ ಮೊದಲ ದಿನ ಹೆಂಡತಿ ಅಡುಗೆಮನೆಯಿಂದ ಯಾರ ಮನೆಯ ಬಾತುಕೋಳಿ ಒಳಗೆ ಬಂತು ಎಂದು ಕೇಳಿದರು. ಆದರೆ ಮಾತು ಮಾತೇ.

ಮೊದಲ ವಾಲ್ವು ಆಪರೇಷನ್ನಿನ ಜೊತೆಗೇ ಬಂದದ್ದು, ಅದಕ್ಕೆ ತಕರಾರಿರಲಿಲ್ಲ. ಇವು ಆರೇಳು ತಿಂಗಳೂ ಬಾಳುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಮೊದಲೇ ಹೇಳಿದ್ದರು. ಬೂಷ್ಟು ಹಿಡಿದು ವಾಲ್ವಿನ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ಕುಡಿದದ್ದು ಶ್ವಾಸನಾಳಕ್ಕೆ ಸೋರುತ್ತದೆ. ನಾಲ್ಕನೇ ತಿಂಗಳಿಗೇ ಸೋರಿತು. ಮೇಡಂ ಅದನ್ನು ಕಿತ್ತು, ದಾರಿ ಮುಚ್ಚಿಹೋಗದಿರಲಿ ಎಂದು ಸಣ್ಣ ರಬ್ಬರ್ ನಳಿಗೆಯೊಂದನ್ನು ತೂರಿಸಿ ಕತ್ತಿಗೆ ಪಟ್ಟಿ ಅಂಟಿಸಿದರು. ಒಂದು ತಿಂಗಳೊಳಗೆ ಹೊಸದು ಹಾಕಿಸಿಕೊಳ್ಳಿ, ಅಲ್ಲಿಯವರೆಗೆ ಗದ್ದ ತಗ್ಗಿಸಿ ಗುಟುಕು ಗುಟುಕಾಗಿ ಕುಡಿಯಿರಿ, ತಡವಾದರೆ ಮತ್ತೆ ಆಪರೇಷನ್ನೇ ಗತಿ ಎಂದರು. ವರ್ಷಕ್ಕೆ ಮೂರು ಸಲ ಕೈಯಿಂದ ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದು ಪಿಂಚಣಿದಾರನಿಗೆ ಆಗಿಬರುವ ಮಾತಲ್ಲ. ಕಂಪನಿಯ ಮಂಜೂರಾತಿ ಬೇಕಿತ್ತು. ಕಂಪನಿ ಹದಿನೇಳು ಹಾಕಿ ಕಳಿಸಿತು.

ಬರೀ ಮಾತು ಹೋಗಿದ್ದರೆ ಸಾಹೇಬರು ಸಹಿಸಿಕೊಳ್ಳುತ್ತಿದ್ದರೇನೋ. ಅವರು ಎಂದೂ ವಾಚಾಳಿಯಾಗಿರಲಿಲ್ಲ. ಹೆಂಡತಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದರೆ ಕೆಲಸ ನಡೆಯುತ್ತಿತ್ತು. ಇಷ್ಟು ವರ್ಷ ನಿಮ್ಮದು ಕೇಳಿದ್ದಾಯ್ತು, ಇನ್ಮೇಲೆ ನೀವು ಕೇಳಿ ಎಂದು ಆಕೆ ಖುಷಿಯಾಗಿಯೇ ಇದ್ದರು. ಸಾಹೇಬರ ಚಿಂತೆ ಅಕ್ಕನದು.

ಅಕ್ಕನಿಗೆ ಎಪ್ಪತ್ತೊಂದು. ಮದುವೆಯಾಗದೆ ತಮ್ಮನನ್ನು ಎತ್ತಿ ಆಡಿಸಿ ಓದಿಸಿದವಳು, ಈಗ ಅವನ ಮನೆಯಲ್ಲೇ ಇದ್ದಾಳೆ. ಎರಡು ಕಣ್ಣೂ ಕಾಣುವುದಿಲ್ಲ. ಗೋಡೆ ಗಡಿಯಾರ ಗಂಟೆ ಹೊಡೆದದ್ದನ್ನು ಎಣಿಸಿಕೊಂಡು ಏಳುತ್ತಾಳೆ, ಉಣ್ಣುತ್ತಾಳೆ, ಮಲಗುತ್ತಾಳೆ. ಅವಳ ಪಾಲಿಗೆ ತಮ್ಮ ಎಂದರೆ ಒಂದು ಧ್ವನಿ. ನಳಿಗೆ ಹಾಕಿದ ದಿನದಿಂದ ಆ ಧ್ವನಿಯೂ ಇಲ್ಲ. ಸ್ಲೇಟು ತೋರಿಸಿ ಪ್ರಯೋಜನವೇನು? ಅಂಗೈ ಮೇಲೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಅಕ್ಕ ದಿನಕ್ಕೆ ಹತ್ತು ಸಲ, ‘ಮರೀ, ಇಲ್ಲೇ ಇದ್ದೀಯೇನೋ’ ಎಂದು ಗಾಳಿಯನ್ನು ಕೇಳುತ್ತಿದ್ದಳು. ಅವರು ಎದ್ದು ಹೋಗಿ ಒಂದು ಸಲ ತಟ್ಟಿ ಬರುತ್ತಿದ್ದರು.

ಒಮ್ಮೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆಯೇ ಅಕ್ಕ ಒಲೆಯ ಮೇಲಿನ ಹಾಲಿನ ಪಾತ್ರೆಯ ಕಡೆ ಕೈ ಚಾಚಿದಳು. ಅದು ಆಗ ತಾನೇ ಉಕ್ಕಿ ಇಳಿದಿತ್ತು. ಸಾಹೇಬರು ಜೀವವೆಲ್ಲ ಸೇರಿಸಿ ಕೂಗಿದರು. ಕತ್ತಿನ ತೂತಿನಿಂದ ‘ಹುಸ್’ ಎಂದಿತು. ಅಷ್ಟರಲ್ಲಿ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ತಟ್ಟುತ್ತಿದ್ದುದು ಅದೇ ಅಂಗೈ, ಹಾಗಾಗಿ ಹೌದು ಇಲ್ಲಗಳನ್ನು ಮೊಣಕೈಗೆ ವರ್ಗಾಯಿಸಬೇಕಾಯಿತು.

ಆದರೆ ಹೌದು, ಇಲ್ಲ ಎಂಬಷ್ಟರಲ್ಲಿ ಹೇಳಿ ಮುಗಿಸಲಾಗದ ಒಂದು ವಿಷಯ ಸಾಹೇಬರ ಹೊಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿತ್ತು. ಆಗ ಅಕ್ಕನ ಬಲಗಣ್ಣು ಹೋಗಿತ್ತು, ಎಡಗಣ್ಣು ಹೋಗುತ್ತಿತ್ತು. ಆಪರೇಷನ್ ಮಾಡಿದರೆ ಉಳಿಯುತ್ತದೆ, ಬೇಗ ಮಾಡಿ ಎಂದು ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದರು. ತಮ್ಮನ ಅವಲಂಬಿತಳಾದ್ದರಿಂದ ಅರ್ಜಿ ಅವರ ಕಂಪನಿಗೇ ಬಂತು, ಅವರ ಮೇಜಿಗೇ ಬಂತು. ಸಂಬಂಧಿಕರ ಫೈಲನ್ನು ಬೇರೆಯವರಿಗೆ ಕೊಡಬೇಕು ಎಂಬ ನಿಯಮವಿತ್ತು. ಮ್ಯಾನೇಜರು ಎಲ್ಲರೆದುರು ನಗುತ್ತಾ, ಸ್ವಂತ ಅಕ್ಕನ ಫೈಲಿಗೆ ನಮ್ಮ ಸಾಹೇಬರು ಏನು ಬರೆಯುತ್ತಾರೋ ನೋಡೋಣ ಎಂದರು. ಹುಮ್ಮಸ್ಸಿನ ವಯಸ್ಸು, ಮೇಲೆ ಬಡ್ತಿಯ ಸಮಯ. ನಾನು ಪಕ್ಷಪಾತ ಮಾಡುವವನಲ್ಲ ಎಂದು ತೋರಿಸಬೇಕಿತ್ತು. ಆ ಮಧ್ಯಾಹ್ನ, ಆ ಫೈಲಿಗಾಗಿಯೇ, ಹದಿನೇಳನೇ ಷರಾ ಹುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಲ್ಮನವಿಯಲ್ಲಿ ಹೇಗೂ ಸರಿಹೋಗುತ್ತದೆ ಎಂದುಕೊಂಡಿದ್ದರು. ಮೇಲ್ಮನವಿಗೆ ನಾಲ್ಕನೇ ಷರಾ ಬಿತ್ತು. ಕಣ್ಣು ಅದಕ್ಕೆಲ್ಲ ಕಾಯಲಿಲ್ಲ.

ಕಾಗದವನ್ನು ಅಕ್ಕನಿಗೆ ಓದಿ ಹೇಳಿದ್ದೂ ಅವರೇ. ‘ಯಾರೋ ಇದನ್ನ ಬರೆದಿದ್ದು’ ಎಂದು ಅಕ್ಕ ಕೇಳಿದ್ದಳು. ‘ಯಾರೋ ಮೇಲಿನವರು’ ಎಂದಿದ್ದರು. ಗಡಿಯಾರ ಮನೆಗೆ ಬಂದಾಗ ಇದು ಯಾತಕ್ಕೆ ಕೊಟ್ಟರು ಎಂದಳು. ಒಳ್ಳೆ ಕೆಲಸಕ್ಕೆ ಎಂದರು.

ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ, ಧ್ವನಿ ಮರಳಿದರೆ ಮೊದಲು ಅಕ್ಕನಿಗೆ ನಿಜ ಹೇಳಿ ಕಾಲು ಹಿಡಿಯುತ್ತೇನೆ ಎಂದು ಸಾಹೇಬರು ನಿರ್ಧರಿಸಿದ್ದರು. ಧ್ವನಿ ಮರಳಿತು. ಇವರು ನಾಳೆ ಹೇಳಿದರಾಯಿತು, ಭಾನುವಾರ ಹೇಳಿದರಾಯಿತು ಎಂದು ಸ್ವಂತ ಫೈಲನ್ನೂ ಪೆಂಡಿಂಗ್ ಇಟ್ಟರು. ಅಭ್ಯಾಸಬಲ ಎಂದರೆ ಇದೇ. ನಾಲ್ಕು ತಿಂಗಳು ಹೀಗೆ ಕಳೆದು, ಕೊನೆಗೊಂದು ಬೆಳಿಗ್ಗೆ ಅಕ್ಕನ ಪಕ್ಕ ಕುರ್ಚಿ ಎಳೆದು ಕೂತು, ಧೈರ್ಯಕ್ಕೆಂದು ಒಂದು ಗುಟುಕು ಟೀ ಕುಡಿದರು. ವಾಲ್ವು ಸೋರಿದ್ದು ಆಗಲೇ. ಈಗ ಬರೆದು ಹೆಂಡತಿಯ ಕೈಲಿ ಓದಿಸೋಣವೆಂದರೆ ಅದು ಇನ್ನೊಬ್ಬರ ಬಾಯಲ್ಲಿ ಹೋಗುವ ಮಾತಲ್ಲ. ಆ ಕಾಗದವನ್ನು ಓದಿದ ಬಾಯೇ ಇದನ್ನೂ ಹೇಳಬೇಕು. ತಿಂಗಳೊಳಗೆ ಮಂಜೂರಾಗದಿದ್ದರೆ ಮತ್ತೆ ಆಪರೇಷನ್ನು, ಅಷ್ಟರಲ್ಲಿ ಅಕ್ಕ ಇರುತ್ತಾಳೋ ತಾನಿರುತ್ತೇನೋ ಎಂದು ಸಾಹೇಬರಿಗೆ ನಿಜಕ್ಕೂ ಭಯವಾಗಿತ್ತು.

ಮೊದಲು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರು. ಹೆಂಡತಿ ಮಾತಾಡಿದ್ದಕ್ಕೆ, ಪಾಲಿಸಿದಾರರೇ ಮಾತಾಡಬೇಕು ಎಂದು ಉತ್ತರ ಬಂತು. ಪಾಲಿಸಿದಾರರಿಗೆ ಮಾತು ಬರುವುದಿಲ್ಲ, ಅದಕ್ಕೇ ಫೋನು ಮಾಡಿದ್ದು ಎಂದರೆ, ಹಾಗಾದರೆ ಅವರೇ ಅದನ್ನು ಹೇಳಲಿ ಎಂದಳು ಫೋನಿನ ಆ ಕಡೆಯ ಹುಡುಗಿ. ಸಾಹೇಬರು ಫೋನು ಕತ್ತಿನ ಹತ್ತಿರ ಹಿಡಿದು ಉಸಿರು ಬಿಟ್ಟರು. ನಿಮ್ಮ ಲೈನು ಸರಿಯಿಲ್ಲ, ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ ಎಂದು ಇಟ್ಟೇಬಿಟ್ಟಳು.

ಕೊನೆಗೆ ಖುದ್ದು ಕಚೇರಿಗೇ ಹೋದರು. ಇವರ ಕೈಕೆಳಗೆ ಕಲಿತ ಶಿಷ್ಯನೇ ಈಗ ವಿಭಾಗದ ಮುಖ್ಯಸ್ಥ. ಅವನು ಎದ್ದು ಬಂದು ಕುರ್ಚಿ ಒರೆಸಿ ಕೂರಿಸಿದ. ಹುಡುಗ ಹುಡುಗಿಯರನ್ನೆಲ್ಲ ಕರೆದು, ಹದಿನೇಳು ಬರೆದವರು ಇವರೇ ನೋಡ್ರಪ್ಪಾ ಎಂದ. ಅವರೆಲ್ಲ ಇವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಒಬ್ಬಳು, ಸರ್ ನಾನು ದಿನಾ ನಿಮ್ಮನ್ನೇ ಹಾಕೋದು ಎಂದಳು. ಸಾಹೇಬರು ಸ್ಲೇಟಿನಲ್ಲಿ ‘ನನಗೂ ಹಾಕಿದ್ದೀರಿ’ ಎಂದು ಬರೆದು ತೋರಿಸಿದರು. ಶಿಷ್ಯ ಓದಿ ಪೆಚ್ಚಾದ.

‘ಸರ್, ನಾನು ಆ ಫೈಲು ಮೂರು ದಿನ ಇಟ್ಕೊಂಡಿದ್ದೆ. ಎಲ್ಲಾದ್ರೂ ಸಂದು ಸಿಗುತ್ತಾ ಅಂತ ನೋಡಿದೆ. ಆದ್ರೆ ನೀವು ಬರೆದಿರೋದು ಹೇಗಿದೆ ಅಂದ್ರೆ, ಎಲ್ಲಿಂದ ಹಿಡಿದ್ರೂ ಜಾರುತ್ತೆ. ಮಾತು ಬಂದ್ರೆ ಅನುಕೂಲ, ಒಪ್ಪಿದೆ. ಬರದೇ ಇದ್ರೆ ಯಾರೂ ಸಾಯಲ್ಲ. ಏನು ಮಾಡ್ಲಿ ಹೇಳಿ.’

ಸಾಹೇಬರ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಹಾದುಹೋಯಿತು. ಸುಳ್ಳು ಯಾಕೆ ಹೇಳಲಿ, ಹಾದುಹೋಯಿತು. ಆಮೇಲೆ ನಾಚಿಕೆಯಾಗಿ ಸ್ಲೇಟು ಒರೆಸಿದರು.

ಉಳಿದದ್ದು ಮೇಲ್ಮನವಿ. ಅದಕ್ಕೂ ನಿಯಮ ಬರೆದವರು ಇವರೇ. ಹಿಂದೆ ಒಬ್ಬ ನಿವೃತ್ತ ಮೇಷ್ಟ್ರು ನಲವತ್ತು ಪುಟದ ಮೇಲ್ಮನವಿಗಳನ್ನು ಕಳಿಸಿ ಕಳಿಸಿ ವಿಭಾಗವನ್ನೇ ಸುಸ್ತು ಮಾಡಿದ್ದ. ಅವನ ಕಾಟ ತಪ್ಪಿಸಲು, ಮೇಲ್ಮನವಿಯನ್ನು ಖುದ್ದು ಹಾಜರಿದ್ದು ಬಾಯಿಮಾತಿನಲ್ಲಿಯೇ ಸಲ್ಲಿಸತಕ್ಕದ್ದು, ಲಿಖಿತವಾದುದನ್ನು ಪರಿಗಣಿಸಲಾಗುವುದಿಲ್ಲ, ಎಂದು ಬರೆದಿದ್ದರು. ಮಾತಾಡಲಾಗದವರು ಇರುತ್ತಾರೆ ಎಂದು ಯಾರೋ ಎಚ್ಚರಿಸಿದ್ದಕ್ಕೆ, ಅಂಥವರ ಪರವಾಗಿ ರಕ್ತಸಂಬಂಧಿಯೊಬ್ಬರು ಮಾತಾಡಬಹುದು ಎಂದು ಸೇರಿಸಿದ್ದರು. ಹೆಂಡತಿ ತಾನೇ ಬರುತ್ತೇನೆ ಎಂದು ಸೆರಗು ಬಿಗಿದು ನಿಂತರು. ಹೆಂಡತಿ ರಕ್ತಸಂಬಂಧಿಯಲ್ಲ ಎಂದು ಕಚೇರಿ ತಿಳಿಸಿತು.

‘ಮೂವತ್ತೈದು ವರ್ಷ ನನ್ನ ರಕ್ತ ಹೀರಿದ್ದಾರೆ, ಅದು ಸಂಬಂಧ ಅಲ್ವಂತಾ’ ಎಂದರು ಆಕೆ.

ಮಕ್ಕಳಿರಲಿಲ್ಲ. ಉಳಿದವಳು ಅಕ್ಕ ಒಬ್ಬಳೇ. ತಮ್ಮನ ಪರವಾಗಿ ಮಾತಾಡಬೇಕಂತೆ ಎಂದು ಹೆಂಡತಿ ಹೇಳಿದಾಗ ಅಕ್ಕ, ಅದಕ್ಕೇನಂತೆ, ಅವನಿಗೆ ಮಾತು ಕಲಿಸಿದ್ದೇ ನಾನು ಎಂದಳು. ಸಾಹೇಬರಿಗೆ ಮಾತ್ರ ಇನ್ನೊಂದು ನಿಯಮ ನೆನಪಾಯಿತು. ವಿಚಾರಣೆಯ ಶುರುವಿಗೆ ತಿರಸ್ಕಾರದ ಆದೇಶವನ್ನು ಗಟ್ಟಿಯಾಗಿ ಓದಬೇಕು ಎಂಬುದೂ ಅವರದೇ ನಿಯಮ. ಅಕ್ಕನ ಎದುರು ಆ ವಾಕ್ಯ ಮತ್ತೆ ಕೇಳಬೇಕು. ಶಿಷ್ಯನಿಗೆ ‘ಆದೇಶ ಓದಬೇಡಪ್ಪಾ’ ಎಂದು ಬರೆದು ತೋರಿಸಿದರು. ಅವನು, ಸರ್ ನೀವೇ ಹೀಗಂದ್ರೆ ಹೇಗೆ ಎಂದು ನೊಂದುಕೊಂಡ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಸದಸ್ಯರು. ಎದುರಿಗೆ ಎರಡು ಕುರ್ಚಿ. ಗೋಡೆಯ ಮೇಲೆ ನಿಶ್ಶಬ್ದ ಕಾಪಾಡಿ ಎಂಬ ಫಲಕ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಸಾಹೇಬರು ಪಕ್ಕದಲ್ಲಿ ಕೂತು ಅವಳ ಮೊಣಕೈಗೆ ಒಂದು ಸಲ ತಟ್ಟಿದರು, ಇದ್ದೇನೆ ಎಂದು.

ಶಿಷ್ಯ ಆದೇಶ ಓದಿದ. ಅಲ್ಪವಿರಾಮದವನಲ್ಲವೇ, ನಿಲ್ಲದೆ ಓದಿದ. ಅಕ್ಕ ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಂಡಳು. ಇನ್ನೊಂದ್ಸಲ ಓದಪ್ಪಾ ಎಂದಳು. ಮತ್ತೆ ಓದಿದ.

‘ಅನುಕೂಲ ಅಂದ್ಮೇಲೆ ಸ್ವಲ್ಪ ನಿಲ್ಲಿಸ್ಬೇಕಲ್ವಾ’ ಎಂದಳು ಅಕ್ಕ.

ಸದಸ್ಯರಿಗೆ ಅರ್ಥವಾಗಲಿಲ್ಲ. ಅರ್ಥವಾದವರು ಕೋಣೆಯಲ್ಲಿ ಒಬ್ಬರೇ. ಸಾಹೇಬರು ಅವಳ ಮುಖ ನೋಡಿದರು. ಆ ಮುಖದಲ್ಲಿ ಏನೂ ಇರಲಿಲ್ಲ, ಅಥವಾ ಇದ್ದದ್ದು ಅವರಿಗೆ ಓದಲು ಬರಲಿಲ್ಲ.

ವಿಚಾರಣೆ ನಡೆಯಿತು. ಅರ್ಜಿದಾರರ ಹೇಳಿಕೆ ಏನು ಎಂದು ನಡುವಿನ ಸದಸ್ಯರು ಕೇಳಿದರು. ಅಕ್ಕ, ಅವನು ನನಗೇನೂ ಹೇಳಿಲ್ಲ, ಹೇಳೋ ಹಾಗಿದ್ದಿದ್ರೆ ನಾವ್ಯಾಕೆ ಇಲ್ಲಿಗೆ ಬರ್ತಿದ್ವಿ ಎಂದಳು. ಸಾಹೇಬರು ಸ್ಲೇಟು ಎತ್ತಿ ಹಿಡಿದರು. ಲಿಖಿತವಾದದ್ದನ್ನು ನೋಡುವ ಹಾಗಿಲ್ಲವೆಂದು ಮೂವರೂ ಒಟ್ಟಿಗೆ ಬೇರೆ ಕಡೆ ತಿರುಗಿದರು. ಅದನ್ನು ರಕ್ತಸಂಬಂಧಿ ಓದಿ ಹೇಳಬಹುದು ಎಂದು ಶಿಷ್ಯ ನೆನಪಿಸಿದ. ರಕ್ತಸಂಬಂಧಿಗೆ ಕಣ್ಣಿಲ್ಲ ಎಂಬುದು ಆಮೇಲೆ ಅವರಿಗೆ ಹೊಳೆಯಿತು. ಹೀಗೆ ಹತ್ತು ನಿಮಿಷ ಯಾರೂ ಏನೂ ಮಾಡದೆ ಬಹಳ ಶಿಸ್ತಿನಿಂದ ಕಳೆದರು.

ಎಡಗಡೆಯ ಸದಸ್ಯೆ ಸ್ವಲ್ಪ ಮೆತ್ತಗಿನವರು. ಮಾತಿಲ್ಲದಿರುವುದರಿಂದ ಏನಾದರೂ ಅಪಾಯ ಆಗಿದೆಯಾ ಅಮ್ಮಾ ಎಂದು ಕೇಳಿದರು. ಅಕ್ಕ ಬಟ್ಟೆ ಬಿಚ್ಚಿ ಅಂಗೈ ತೋರಿಸಿದಳು. ಇವನು ಬಾಗಿಲಲ್ಲೇ ಇದ್ದನಂತೆ, ಕೂಗೋಕಾಗಲಿಲ್ಲ ಎಂದಳು. ಮೂವರೂ ಬಗ್ಗಿ ಬೊಬ್ಬೆ ನೋಡಿದರು, ಅಯ್ಯೋ ಪಾಪ ಎಂದರು. ಬಲಗಡೆಯವರು ಪಾಲಿಸಿ ತಿರುಗಿಸಿ ನೋಡಿ, ಸುಟ್ಟಿರುವುದು ಪಾಲಿಸಿದಾರರ ಕೈಯಲ್ಲ, ಅಪಾಯ ಆಗಿದ್ದರೆ ಅದು ಬೇರೆಯವರಿಗೆ ಆಗಿದೆ ಎಂದರು. ಸುಟ್ಟ ಕೈ ಇವರದಾಗಿದ್ದರೂ, ಇನ್ನೊಂದು ಕೈ ಇದೆಯಲ್ಲ ಎಂದು ಶಿಷ್ಯ ಮೆಲ್ಲಗೆ ಸೇರಿಸಿದ. ಗುರುವಿನ ಕಡೆ ನೋಡಿದ, ಸರಿ ತಾನೇ ಎಂಬಂತೆ.

ಆಗ ಸಾಹೇಬರಿಗೆ ದಾರಿ ಹೊಳೆಯಿತು. ಮೂವತ್ತೊಂದು ವರ್ಷ ಮೇಜಿನ ಆ ಕಡೆ ಕೂತವರಿಗೆ, ಆ ಕಡೆಯವರು ಯಾವುದಕ್ಕೆ ಹೆದರುತ್ತಾರೆ ಎಂದು ಗೊತ್ತಿರುವುದಿಲ್ಲವೇ? ಅವರು ಕಣ್ಣೀರಿಗೆ ಹೆದರುವುದಿಲ್ಲ, ನ್ಯಾಯಕ್ಕಂತೂ ಇಲ್ಲವೇ ಇಲ್ಲ. ಕಚೇರಿಯ ವೇಳೆಯಲ್ಲಿ, ಅವರ ಕೋಣೆಯಲ್ಲಿ, ಅವರ ಫೈಲಿನ ಎದುರು ಏನಾದರೂ ಆಗಿಬಿಟ್ಟರೆ ಬರವಣಿಗೆಯಲ್ಲಿ ಉತ್ತರ ಕೊಡಬೇಕಲ್ಲ, ಅದಕ್ಕೆ ಹೆದರುತ್ತಾರೆ. ಮೇಜಿನ ಮೇಲೆ ಸದಸ್ಯರಿಗಾಗಿ ಇಟ್ಟಿದ್ದ ನೀರಿನ ಲೋಟವನ್ನು ಸಾಹೇಬರು ಎತ್ತಿಕೊಂಡರು. ಗದ್ದ ತಗ್ಗಿಸಲಿಲ್ಲ, ಗುಟುಕು ಗುಟುಕೆಂದು ನೋಡಲಿಲ್ಲ. ತಲೆ ಎತ್ತಿ ಇಡೀ ಲೋಟವನ್ನು ಗಟಗಟ ಸುರಿದುಕೊಂಡರು.

ನಳಿಗೆಯ ಪಕ್ಕದಿಂದ ನೀರು ಶ್ವಾಸನಾಳಕ್ಕೆ ಇಳಿಯಿತು. ಮೊದಲು ಮುಖ ಕೆಂಪಾಯಿತು, ಆಮೇಲೆ ಕಪ್ಪಿಟ್ಟಿತು. ಕೆಮ್ಮು ಬಾಯಿಂದ ಬರಲಿಲ್ಲ, ಕತ್ತಿನ ತೂತಿನಿಂದ ಬಂತು, ನೀರಿನ ಸಮೇತ. ಆದೇಶದ ಮೇಲೆ ಬಿತ್ತು, ನಡುವಿನ ಸದಸ್ಯರ ಕನ್ನಡಕದ ಮೇಲೆ ಬಿತ್ತು. ಸಾಹೇಬರು ಕುರ್ಚಿಯಿಂದ ಜಾರಿ ಮೊಣಕಾಲೂರಿದರು. ನಾಟಕ ಎಂದುಕೊಂಡು ಶುರುಮಾಡಿದ್ದು, ಆದರೆ ಉಸಿರು ನಿಜವಾಗಿಯೂ ಸಿಗಲಿಲ್ಲ. ಇಷ್ಟಕ್ಕೇ ಮುಗಿಯಿತು, ಹೇಳದೆಯೇ ಹೋಗುತ್ತೇನೆ ಎಂದು ಅವರಿಗೆ ಅನ್ನಿಸಿತು. ಅಕ್ಕ ಎದ್ದು ನಿಂತು ಎರಡೂ ಕೈ ಗಾಳಿಯಲ್ಲಿ ಆಡಿಸುತ್ತಿದ್ದಳು.

‘ಏನಾಯ್ತು ಅವನಿಗೆ? ಯಾರಾದ್ರೂ ಬಾಯಿ ಬಿಟ್ಟು ಹೇಳಿ. ಮರೀ, ಎಲ್ಲಿದ್ದೀಯೋ? ನಿಮಗೆಲ್ಲ ಮಾತು ಬರುತ್ತಲ್ಲ, ಒಬ್ಬರಾದ್ರೂ ಹೇಳಿ.’

ಮಾತು ಬರುವ ನಾಲ್ವರೂ ಗೋಡೆಗೆ ಒರಗಿ ನಿಂತಿದ್ದರು. ಒಬ್ಬರ ಬಾಯಿಂದಲೂ ಶಬ್ದ ಹೊರಡಲಿಲ್ಲ. ಅಕ್ಕ ತಡಕಾಡಿಕೊಂಡು ಬಂದು ತಮ್ಮನ ಬೆನ್ನು ಸಿಕ್ಕಿದ ಮೇಲೆ, ಸುಟ್ಟ ಕೈಯಲ್ಲೇ ದಬದಬ ಗುದ್ದಿದಳು. ಸ್ವಲ್ಪ ಹೊತ್ತಿಗೆ ಉಸಿರು ತಿರುಗಿತು. ಸಾಹೇಬರು ನೆಲದಲ್ಲೇ ಕೂತು ಅವಳ ಮೊಣಕೈ ಹುಡುಕಿ ಒಂದು ಸಲ ತಟ್ಟಿದರು. ಅವಳು ಅಲ್ಲೇ ಕುಸಿದು ಕೂತು ಅತ್ತಳು.

ಅದೇ ದಿನ ಮಧ್ಯಾಹ್ನ ಮಂಜೂರಾಯಿತು. ಕಂಪನಿಯ ಇತಿಹಾಸದಲ್ಲಿ ಅಷ್ಟು ಬೇಗ ಯಾವುದೂ ಮಂಜೂರಾದದ್ದಿಲ್ಲ. ಶಿಷ್ಯನೇ ಖುದ್ದಾಗಿ ಆದೇಶ ತಂದುಕೊಟ್ಟ. ಮಾತಿಗೆ ಕೊಟ್ಟರೆ ಹದಿನೇಳನ್ನು ಮುರಿದಂತಾಗುತ್ತದೆ, ನಾಳೆ ಕಿವಿ ಕೇಳದವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕೊಡದಿದ್ದರೆ ಇವರು ಮತ್ತೆ ಬಂದು ನೀರು ಕುಡಿಯುತ್ತಾರೆ. ಆದ್ದರಿಂದ ಹೀಗೆ ಬರೆದಿದ್ದ: ‘ಶ್ವಾಸನಾಳಕ್ಕೆ ನೀರು ಸೋರದಂತೆ ತಡೆಯುವ ಸಾಧನವೆಂದು ವಾಲ್ವನ್ನು ಮಂಜೂರು ಮಾಡಿದೆ; ಮಾತಿಗೆ ಬಳಸತಕ್ಕದ್ದಲ್ಲ.’

‘ಈ ಸಲ ಅರ್ಧವಿರಾಮ ಸರಿಯಾಗಿ ಹಾಕಿದ್ದೀನಿ ಸರ್. ಇದನ್ನ ಪಟ್ಟಿಗೆ ಸೇರಿಸ್ತಾ ಇದ್ದೀವಿ, ಇಪ್ಪತ್ತೈದನೇದು’ ಎಂದ. ಅವನ ಮುಖ ಅರಳಿತ್ತು. ಆ ವಯಸ್ಸಿನಲ್ಲಿ, ಆ ಕೋಣೆಯಲ್ಲಿ, ಚಪ್ಪಾಳೆಯ ನಡುವೆ ತನ್ನ ಮುಖ ಹೇಗಿತ್ತೆಂದು ಸಾಹೇಬರು ಮೊದಲ ಬಾರಿಗೆ ಕಂಡರು. ಅವನನ್ನು ಬೈಯಲು ಅವರಿಗೆ ಮನಸ್ಸು ಬರಲಿಲ್ಲ. ಸ್ಲೇಟಿನಲ್ಲಿ ‘ನಿನಗೆ ಅಕ್ಕ ತಂಗಿ ಇದ್ದಾರಾ’ ಎಂದು ಬರೆದರು. ಒಬ್ಬಳಿದ್ದಾಳೆ ಸರ್, ಯಾಕೆ ಎಂದ. ಸಾಹೇಬರು ಸ್ಲೇಟು ಒರೆಸಿ ಎದ್ದರು.

ಎರಡು ದಿನಕ್ಕೆ ಮೇಡಂ ನಳಿಗೆ ತೆಗೆದು ಹೊಸ ವಾಲ್ವು ಕೂರಿಸಿದರು. ಏನಾದರೂ ಮಾತಾಡಿ ನೋಡೋಣ ಎಂದರು. ಸಾಹೇಬರು ತಲೆಯಾಡಿಸಿ ಬೇಡವೆಂದರು. ಆದೇಶದಲ್ಲಿ ಹಾಗಿದೆ ಎಂದುಕೊಂಡು ಮೇಡಂ ನಕ್ಕರು. ಅದಲ್ಲ ಕಾರಣ. ಮೊದಲ ಮಾತನ್ನು ಅವರು ಖರ್ಚು ಮಾಡಲು ತಯಾರಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಅಂಗಡಿಗೆ ಹೋಗಿದ್ದರು. ಅಕ್ಕ ನಡುಮನೆಯಲ್ಲಿ ಗಡಿಯಾರದ ಕೆಳಗೆ ಕೂತಿದ್ದಳು. ಚಪ್ಪಲಿಯ ಸದ್ದಿಗೆ, ‘ಮರೀ, ಬಂದ್ಯೇನೋ’ ಎಂದು ಮೊಣಕೈ ಚಾಚಿದಳು. ಸಾಹೇಬರು ತಟ್ಟಲಿಲ್ಲ. ಕುರ್ಚಿ ಎಳೆದು ಕೂತರು. ಟೀ ಕುಡಿಯಲಿಲ್ಲ. ಬೆರಳನ್ನು ಕತ್ತಿಗೆ ಒತ್ತಿದರು.

‘ಅಕ್ಕಾ. ನಿನ್ನ ಕಣ್ಣಿನ ಕಾಗದ ಬರೆದಿದ್ದು ನಾನೇ.’

ಬಾತುಕೋಳಿಯ ಧ್ವನಿ, ಮೇಲೆ ನಡುಕ ಬೇರೆ. ಆದರೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಅಕ್ಕ ಚಾಚಿದ ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

‘ಗೊತ್ತು’ ಎಂದಳು. ‘ಬೇರೆಯವರು ಬರೆದಿದ್ದನ್ನ ಓದುವಾಗ ನೀನು ಚಿಕ್ಕಂದಿನಿಂದ್ಲೂ ತಡವರಿಸ್ತೀಯ. ಅವತ್ತು ಒಂದು ಕಡೇನೂ ತಡವರಿಸಲಿಲ್ಲ. ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸಿ ಓದಿದೆ.’

‘ಇಷ್ಟು ವರ್ಷ ಗೊತ್ತಿದ್ದೂ ನೀನು…’

‘ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ. ನಿನ್ನ ಗಂಟಲು ತೆಗೆದ್ರಲ್ಲ, ಅವತ್ತು ನಾನು ಅತ್ತಿದ್ದು ನಿನಗೆ ಮಾತು ಹೋಯ್ತು ಅಂತ ಅಲ್ಲ. ಇನ್ನು ಇವನು ಹೇಳಲ್ಲ ಅಂತ.’

ಸಾಹೇಬರ ಕಣ್ಣಿಂದ ನೀರು ಇಳಿಯಿತು. ಮತ್ತೆ ಬೆರಳು ಒತ್ತಿ, ತಪ್ಪಾಯಿತು, ನನ್ನನ್ನು ಕ್ಷಮಿಸುತ್ತೀಯಾ ಅಕ್ಕಾ ಎಂದು ಕೇಳಿದರು.

ತಲೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಅಕ್ಕ, ಶಾಲೆಯ ಮಗು ಪಾಠ ಒಪ್ಪಿಸುವಂತೆ ಬಿಡಿಬಿಡಿಯಾಗಿ ಹೇಳಿದಳು.

‘ಕ್ಷಮಿಸಿದಲ್ಲಿ ನಿನಗೆ ಅನುಕೂಲ.’

ನಿಲ್ಲಿಸಿದಳು. ಸಾಹೇಬರು ಉಸಿರು ಬಿಟ್ಟರು, ಮೈ ಸಡಿಲವಾಯಿತು.

‘ಕ್ಷಮಿಸದಿದ್ದಲ್ಲಿ ಅಪಾಯ ಕಂಡುಬರುವುದಿಲ್ಲ.’

ಗಡಿಯಾರ ನಾಲ್ಕು ಹೊಡೆಯಿತು. ಅಕ್ಕ ಅಭ್ಯಾಸದಂತೆ ಎಣಿಸಿದಳು. ಎದ್ದು ಹೋಗಲಿಲ್ಲ, ಅಲ್ಲೇ ಕೂತಿದ್ದಳು. ಆ ವಾಕ್ಯದ ಮೇಲೆ ಮೇಲ್ಮನವಿ ಸಲ್ಲಿಸುವುದು ಹೇಗೆಂದು ಸಾಹೇಬರಿಗೆ ಗೊತ್ತಿತ್ತು. ಖುದ್ದು ಹಾಜರಿರಬೇಕು, ಬಾಯಿಮಾತಿನಲ್ಲಿಯೇ ಹೇಳಬೇಕು. ಅವರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಬೆರಳನ್ನು ಮತ್ತೆ ಕತ್ತಿಗೆ ಒತ್ತಿದರು.

‘ಅಕ್ಕಾ’ ಎಂದರು.